ಕೂಸಿನ ಕೆನ್ನೆಯ ಇಸಬು: ಇನ್ನೂರು ವರ್ಷಗಳ ಒಂದು ವಾದ

ಮೂರು ತಿಂಗಳ ಕೂಸು. ಹುಟ್ಟಿದಾಗ ಚರ್ಮ ನುಣುಪಾಗಿಯೇ ಇತ್ತು. ಈಗ ಎರಡೂ ಕೆನ್ನೆಗಳು ಕೆಂಪೇರಿ ಒರಟಾಗಿವೆ. ಅಲ್ಲಲ್ಲಿ ನೀರು ಜಿನುಗಿ, ಒಣಗಿ, ಹಕ್ಕಳೆ ಕಟ್ಟಿದೆ. ಹಣೆ, ನೆತ್ತಿಗಳಲ್ಲೂ ಅದೇ. ಬೆರಳುಗಳಿಂದ ಸರಿಯಾಗಿ ಕೆರೆದುಕೊಳ್ಳಲು ಇನ್ನೂ ಬಾರದ್ದರಿಂದ ಕೂಸು ತಾಯಿಯ ಹೆಗಲಿಗೆ, ಹಾಸಿಗೆಗೆ ಕೆನ್ನೆ ಉಜ್ಜುತ್ತದೆ. ರಾತ್ರಿ ಅದಕ್ಕೂ ನಿದ್ದೆಯಿಲ್ಲ, ಮನೆಯವರಿಗೂ ಇಲ್ಲ.

ಇಂಥ ಮನೆಯಲ್ಲಿ ಸಾಮಾನ್ಯವಾಗಿ ಮೂರು ಸಲಹೆಗಳು ಕೇಳಿಬರುತ್ತವೆ. ಅಜ್ಜಿ ಹೇಳುತ್ತಾರೆ: "ಒಳಗಿನ ನಂಜು ಹೊರಗೆ ಬರ್ತಾ ಇದೆ, ಬರ್ಲಿ ಬಿಡಿ. ಏನೇನೋ ಹಚ್ಚಿ ಅದನ್ನ ಒಳಕ್ಕೆ ತಳ್ಳಬೇಡಿ." ನೆರೆಮನೆಯಾಕೆಯ ಸಲಹೆ ಬೇರೆ: ಹಾಲೂಡಿಸುವ ತಾಯಿ ಬದನೆಕಾಯಿ, ಮೊಟ್ಟೆ, ಕಡಲೆಕಾಯಿ ಬಿಡಬೇಕು. ಔಷಧಿ ಅಂಗಡಿಯಾತ ಏನೂ ವಾದಿಸದೆ ಒಂದು ಟ್ಯೂಬನ್ನು ಕೈಗಿಡುತ್ತಾನೆ. ಎರಡು ದಿನಗಳಲ್ಲಿ ಕೆನ್ನೆ ತಿಳಿಯಾಗುತ್ತದೆ, ನಿಲ್ಲಿಸಿದ ವಾರದಲ್ಲಿ ಮೊದಲಿನಂತಾಗುತ್ತದೆ.

ಈ ಮೂರನ್ನೂ ನಾವು 'ಹಳ್ಳಿಯ ಮಾತು', 'ಅಂಗಡಿಯ ಮಾತು' ಎಂದು ತಳ್ಳಿಹಾಕುವುದುಂಟು. ಆದರೆ ಚರ್ಮವೈದ್ಯದ ಇತಿಹಾಸವನ್ನು ಓದಿದರೆ ಸೋಜಿಗವೊಂದು ಕಾಣುತ್ತದೆ. ಈ ಮೂರೂ ಒಂದೊಂದು ಕಾಲದಲ್ಲಿ ಯೂರೋಪ್ ಮತ್ತು ಅಮೆರಿಕಗಳ ದೊಡ್ಡ ವೈದ್ಯರ ಮಾತುಗಳೇ ಆಗಿದ್ದವು. ಇಸಬು ದೇಹದ ಒಳಗಿನ ರೋಗವೇ, ಚರ್ಮದ ರೋಗವೇ ಎಂಬ ವಾದ ಇನ್ನೂರು ವರ್ಷ ಎಳೆದಾಡಿತು. ಆ ವಾದ ಯಾವ ಕಡೆಗೆ ವಾಲುತ್ತಿತ್ತೋ ಅದಕ್ಕೆ ತಕ್ಕಂತೆ ಕೂಸುಗಳಿಗೆ ಚಿಕಿತ್ಸೆ ಸಿಗುತ್ತಿತ್ತು, ಅಥವಾ ಸಿಗುತ್ತಿರಲಿಲ್ಲ.

ಕುದಿದು ಉಕ್ಕುವ ಚರ್ಮ

'ಎಕ್ಸಿಮ' ಎಂಬುದು ಗ್ರೀಕ್ ಪದ. ಕುದಿದು ಹೊರಗೆ ಉಕ್ಕುವುದು ಎಂದು ಅದರ ಅರ್ಥ. ಕ್ರಿ.ಶ. ಆರನೆಯ ಶತಮಾನದಲ್ಲಿದ್ದ ಅಮಿಡಾ ಊರಿನ ವೈದ್ಯ ಈಟಿಯಸ್‌ನ ಗ್ರಂಥದಲ್ಲಿ ಈ ಪದ ಕಾಣಿಸಿಕೊಳ್ಳುತ್ತದೆ. ರೋಗವು ಪದಕ್ಕಿಂತ ಹಳೆಯದು. ನಮ್ಮ ಚರಕ ಸಂಹಿತೆಯು ತುರಿಕೆ, ಕಪ್ಪುಛಾಯೆಯ ಗುಳ್ಳೆ, ಹೆಚ್ಚು ಸ್ರಾವ ಇರುವ 'ವಿಚರ್ಚಿಕಾ' ಎಂಬ ಚರ್ಮರೋಗವನ್ನು ಕ್ಷುದ್ರ ಕುಷ್ಠಗಳ ಸಾಲಿಗೆ ಸೇರಿಸಿದೆ. ಇದನ್ನು ಇಸಬಿಗೆ ಹೋಲಿಸುವವರಿದ್ದಾರೆ. ರೋಮಿನ ಚಕ್ರವರ್ತಿ ಅಗಸ್ಟಸ್‌ನ ಮೈತುರಿಕೆ ಎಷ್ಟಿತ್ತೆಂದರೆ, ಸ್ನಾನದ ವೇಳೆ ಮೈ ಕೆರೆಯಲು ಬಳಸುವ ಲೋಹದ ಸಲಕರಣೆಯಿಂದ ಉಜ್ಜಿ ಉಜ್ಜಿ ಚರ್ಮ ಅಲ್ಲಲ್ಲಿ ದಡ್ಡುಗಟ್ಟಿತ್ತೆಂದು ಇತಿಹಾಸಕಾರ ಸ್ವಿಟೋನಿಯಸ್ ಬರೆದಿದ್ದಾನೆ. ಆತನಿಗೆ ಋತುವಿಗನುಸಾರ ನೆಗಡಿ, ಎದೆ ಬಿಗಿತಗಳೂ ಇದ್ದವಂತೆ. ತುರಿಕೆ, ನೆಗಡಿ, ಎದೆ ಬಿಗಿತ ಈ ಮೂರೂ ಒಬ್ಬನಲ್ಲೇ ಇರುವುದನ್ನು ನೆನಪಿನಲ್ಲಿಡಿ. ಮುಂದೆ ಇದು ಮತ್ತೆ ಬರುತ್ತದೆ.

ಇಸಬಿಗೆ ಹಲವು ರೂಪಗಳಿವೆ. ಇಲ್ಲಿ ನಾವು ಮಾತನಾಡುತ್ತಿರುವುದು ಶೈಶವದಲ್ಲಿಯೇ ಶುರುವಾಗುವ, ಮನೆತನದಲ್ಲಿ ಹರಿದುಬರುವ ಒಂದು ಬಗೆಯ ಬಗ್ಗೆ. ಕೂಸುಗಳಲ್ಲಿ ಅದು ಕೆನ್ನೆ, ನೆತ್ತಿಗಳಲ್ಲಿ ಕಾಣಿಸುತ್ತದೆ. ಬೆಳೆದಂತೆ ಮೊಣಕೈ ಮತ್ತು ಮಂಡಿಗಳ ಮಡಿಕೆಗೆ ಇಳಿಯುತ್ತದೆ. ಅನೇಕರಲ್ಲಿ ದೊಡ್ಡವರಾಗುವ ವೇಳೆಗೆ ಬಹುಮಟ್ಟಿಗೆ ಅಡಗುತ್ತದೆ. ಇದು ಅಂಟುರೋಗವಲ್ಲ.

ವಾಸಿ ಮಾಡಬಾರದ ರೋಗ

ಹಳೆಯ ಯೂರೋಪಿನಲ್ಲಿ ಕೂಸಿನ ನೆತ್ತಿಯ ಇಸಬಿಗೆ 'ಹಾಲಿನ ಹಕ್ಕಳೆ' ಎಂಬ ಹೆಸರಿತ್ತು. ಪಾತ್ರೆಯಲ್ಲಿ ಸೀದ ಹಾಲಿನಂತೆ ಕಾಣುತ್ತಿದ್ದುದು ಇದಕ್ಕೆ ಕಾರಣ. ಹಾಲು ಕೆಟ್ಟಿದ್ದರಿಂದಲೇ ಬರುತ್ತದೆ ಎಂದು ನಂಬಿದವರೂ ಇದ್ದರು. ಆಗಿನ ವೈದ್ಯವೆಲ್ಲ ದೇಹದ್ರವಗಳ ಸಿದ್ಧಾಂತದ ಮೇಲೆ ನಿಂತಿತ್ತು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕರಲ್ಲಿ ಏರುಪೇರಾದಾಗ ಕೆಟ್ಟ ದ್ರವವನ್ನು ದೇಹವು ಚರ್ಮದ ಮೂಲಕ ಹೊರಹಾಕುತ್ತದೆ ಎಂಬ ಎಣಿಕೆ. ಈ ದೃಷ್ಟಿಯಿಂದ ನೋಡಿದರೆ ಜಿನುಗುವ ಇಸಬು ರೋಗವೇ ಅಲ್ಲ, ಪರಿಹಾರ. ಅದನ್ನು ಒಣಗಿಸಿದರೆ ಕೆಟ್ಟ ದ್ರವ ಒಳಕ್ಕೆ ತಿರುಗಿ ಮೆದುಳಿಗೋ ಶ್ವಾಸಕೋಶಕ್ಕೋ ಸೇರೀತು!

ಆದ್ದರಿಂದ ಫ್ರಾನ್ಸ್, ಜರ್ಮನಿಗಳ ತಾಯಂದಿರಿಗೆ ವೈದ್ಯರೇ ಹೇಳುತ್ತಿದ್ದರು: ಹಕ್ಕಳೆಯನ್ನು ಕೀಳಬೇಡಿ, ಮುಲಾಮು ಹಚ್ಚಬೇಡಿ, ತಾನಾಗಿ ಹೋಗಲಿ. ಹೋಮಿಯೋಪತಿಯ ಸ್ಥಾಪಕ ಹಾನೆಮನ್ 1828ರಲ್ಲಿ, ಹತ್ತಿಕ್ಕಿದ ತುರಿಯೇ ಬಹುಪಾಲು ದೀರ್ಘಕಾಲದ ಕಾಯಿಲೆಗಳ ಬೇರು ಎಂದು ಬರೆದದ್ದೂ ಇದೇ ಆಲೋಚನೆಯ ಒಂದು ಕೊಂಬೆ. ನಮ್ಮ ಅಜ್ಜಿಯ 'ನಂಜು' ಬೇರೊಂದು ನೆಲದಲ್ಲಿ ಹುಟ್ಟಿದ್ದು, ನಿಜ. ಆದರೆ ಅದರ ತರ್ಕ ಇದಕ್ಕಿಂತ ದೂರವಿಲ್ಲ.

ಇದು ಬರಿಯ ಮೂಢನಂಬಿಕೆ ಎಂದು ಮುಂದೆ ಸಾಗಬಹುದಿತ್ತು. ಆದರೆ ಈ ಭಯಕ್ಕೆ ಬೆಂಬಲವಾಗಿ ಒಂದು ಕಣ್ಣಾರೆ ಕಂಡ ಸಂಗತಿ ಇತ್ತು. ಇಸಬಿನ ಚಿಕಿತ್ಸೆಗೆಂದು ಆಸ್ಪತ್ರೆಗೆ ಸೇರಿಸಿದ ಕೂಸುಗಳಲ್ಲಿ ಕೆಲವು, ಚರ್ಮ ತಿಳಿಯಾಗತೊಡಗಿದ ಹೊತ್ತಿಗೆ, ಇದ್ದಕ್ಕಿದ್ದಂತೆ ಜ್ವರ ಏರಿ ಸಾಯುತ್ತಿದ್ದವು. ಜರ್ಮನ್ ವೈದ್ಯರು ಅದಕ್ಕೆ 'ಇಸಬಿನ ಸಾವು' ಎಂಬ ಹೆಸರನ್ನೇ ಇಟ್ಟಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಮಕ್ಕಳ ವೈದ್ಯರು ಈ ಕಾರಣಕ್ಕೆ ಇಸಬಿನ ಕೂಸುಗಳನ್ನು ಆಸ್ಪತ್ರೆಗೆ ಸೇರಿಸಲು ಹಿಂಜರಿಯುತ್ತಿದ್ದರು. ಹತ್ತಿಕ್ಕಿದ ದ್ರವವೇ ಕೊಂದಿತೆಂದು ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ನಿಜವಾದ ಕಾರಣ ನಿಧಾನವಾಗಿ ಹೊರಬಿತ್ತು. ಬಿರುಕುಬಿಟ್ಟ ಚರ್ಮವೆಂದರೆ ಬಾಗಿಲು ತೆರೆದ ಮನೆ. ಆಗಿನ ಆಸ್ಪತ್ರೆಗಳಲ್ಲಿ ಒಂದು ತೊಟ್ಟಿಲಿನಿಂದ ಇನ್ನೊಂದಕ್ಕೆ ಸೋಂಕು ದಾಟುವುದು ಸುಲಭವಾಗಿತ್ತು. ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯ ಇಸಬಿನ ಮೂಲಕ ರಕ್ತಕ್ಕೆ ಇಳಿಯುತ್ತಿತ್ತು. 1887ರಲ್ಲಿ ವಿಯೆನ್ನಾದ ಮೋರಿಟ್ಸ್ ಕಪೋಸಿ, ಇಸಬಿನ ಕೂಸುಗಳಲ್ಲಿ ಹಠಾತ್ತನೆ ನೀರುಗುಳ್ಳೆಗಳು ದಟ್ಟವಾಗಿ ಎದ್ದು ತೀವ್ರ ಜ್ವರ ಬರುವ ಸ್ಥಿತಿಯನ್ನು ವರ್ಣಿಸಿದ. ಅದು ಹರ್ಪಿಸ್ ವೈರಸ್ಸಿನ ಕೆಲಸವೆಂದು ಇಪ್ಪತ್ತನೆಯ ಶತಮಾನದಲ್ಲಿ ಗೊತ್ತಾಯಿತು. ದೊಡ್ಡವರ ತುಟಿಯಂಚಿನಲ್ಲಿ ಜ್ವರದ ನಂತರ ಏಳುವ ಗುಳ್ಳೆಯ ವೈರಸ್ಸೇ ಇದು. ಅಂಥ ಗುಳ್ಳೆ ಇರುವವರು ಇಸಬಿನ ಮಗುವಿಗೆ ಮುತ್ತಿಡಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿ.

ಸಿಡುಬಿನ ಲಸಿಕೆಯದೂ ಇದೇ ಕಥೆ. ಲಸಿಕೆಯಲ್ಲಿದ್ದ ಜೀವಂತ ವೈರಸ್ಸು ಆರೋಗ್ಯವಂತರ ತೋಳಿನಲ್ಲಿ ಒಂದೇ ಒಂದು ಗುಳ್ಳೆ ಎಬ್ಬಿಸಿ ಸುಮ್ಮನಾಗುತ್ತಿತ್ತು. ಇಸಬಿನ ಮಗುವಿನ ಮೈಯಲ್ಲಿ ಅದು ಎಲ್ಲೆಡೆ ಹರಡಿ ಕೊಲ್ಲುವಷ್ಟು ಉಗ್ರವಾಗಬಹುದಿತ್ತು. ಆದ್ದರಿಂದ ಇಸಬಿರುವ ಮಗುವಿಗಷ್ಟೇ ಅಲ್ಲ, ಅದೇ ಮನೆಯ ಇತರರಿಗೂ ಸಿಡುಬಿನ ಲಸಿಕೆ ಹಾಕುವಾಗ ಎಚ್ಚರಿಕೆ ಇರಬೇಕಿತ್ತು. 1980ರಲ್ಲಿ ಸಿಡುಬು ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ ಮೇಲೆ ಸಾಮಾನ್ಯ ಮಕ್ಕಳಿಗೆ ಆ ಲಸಿಕೆಯ ಅಗತ್ಯವೇ ಉಳಿಯಲಿಲ್ಲ. ಇಂದಿನ ವಾಡಿಕೆಯ ಮಕ್ಕಳ ಲಸಿಕೆಗಳಿಗೆ ಇಸಬು ಅಡ್ಡಿಯಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಹಳೆಯ ಎಚ್ಚರಿಕೆಯ ನೆನಪಿನಿಂದ ಈಗಲೂ ಲಸಿಕೆ ಮುಂದೂಡುವ ಮನೆಗಳಿವೆ.

ಜಾಪಾಳದೆಣ್ಣೆ ಹಚ್ಚಿಕೊಂಡ ವೈದ್ಯ

ಚರ್ಮರೋಗಗಳನ್ನು ದ್ರವಗಳ ಲೆಕ್ಕ ಬಿಟ್ಟು, ಕಣ್ಣಿಗೆ ಕಾಣುವ ಗುರುತುಗಳಿಂದ ವಿಂಗಡಿಸಿದವನು ಲಂಡನ್ನಿನ ರಾಬರ್ಟ್ ವಿಲನ್. ಗುಳ್ಳೆ, ನೀರುಗುಳ್ಳೆ, ಕೀವುಗುಳ್ಳೆ, ಹೊಟ್ಟು, ಮಚ್ಚೆ ಹೀಗೆ ಎಂಟು ವರ್ಗಗಳನ್ನು ಮಾಡಿದ. ಲಿನೇಯಸ್ ಗಿಡಗಳನ್ನು ವಿಂಗಡಿಸಿದಂತೆ ಇದು. ವಿಲನ್ 1812ರಲ್ಲಿ ತೀರಿಕೊಂಡ ನಂತರ ಶಿಷ್ಯ ಥಾಮಸ್ ಬೇಟ್‌ಮನ್ 1813ರ ತನ್ನ ಪುಸ್ತಕದಲ್ಲಿ ಎಕ್ಸಿಮವನ್ನು ನೀರುಗುಳ್ಳೆಗಳ ವರ್ಗದಲ್ಲಿಟ್ಟ. ಹೆಸರು ನೆಲೆಯಾಯಿತು. ಆದರೆ ಇಸಬಿನ ಚರ್ಮ ಒಂದು ವಾರ ಕೆಂಪು, ಮತ್ತೊಂದು ವಾರ ನೀರುಗುಳ್ಳೆ, ಮುಂದೆ ಹಕ್ಕಳೆ, ಆಮೇಲೆ ಆನೆಯ ಚರ್ಮದಂತೆ ದಪ್ಪ. ವಿಲನ್ ಪದ್ಧತಿಯಲ್ಲಿ ಒಂದೇ ರೋಗ ನಾಲ್ಕು ವರ್ಗಗಳಿಗೆ ಹಂಚಿಹೋಗುತ್ತಿತ್ತು.

ಈ ಗೋಜಲನ್ನು ಬಿಡಿಸಿದ ಫರ್ಡಿನಾಂಡ್ ಹೀಬ್ರಾ (1816–1880) ಕುರಿತು ಸ್ವಲ್ಪ ನಿಂತು ಹೇಳಬೇಕು. ಯುವಕ ಹೀಬ್ರಾನಿಗೆ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಸಿಕ್ಕಿದ್ದು ಯಾರಿಗೂ ಬೇಡವಾದ ಚರ್ಮರೋಗಿಗಳ ಕೋಣೆ. ಅಲ್ಲಿದ್ದವರಲ್ಲಿ ಬಹುಪಾಲು ಕಜ್ಜಿಯವರು. ಕಜ್ಜಿಯೂ ಕೆಟ್ಟ ರಕ್ತದಿಂದ ಬರುತ್ತದೆಂದು ಆಗ ಹೇಳುತ್ತಿದ್ದರು. ಚರ್ಮದಲ್ಲಿ ನುಸಿ ಕಂಡರೆ ಅದು ರೋಗದ ಫಲವೇ ಹೊರತು ಕಾರಣವಲ್ಲ ಎನ್ನುತ್ತಿದ್ದರು. ಹೀಬ್ರಾ ಆ ನುಸಿಗಳನ್ನು ತನ್ನ ಮೈಮೇಲೆಯೇ ಬಿಟ್ಟುಕೊಂಡ. ಕಜ್ಜಿ ಬಂತು. ನುಸಿಯನ್ನು ಕೊಲ್ಲುವ ಮುಲಾಮು ಹಚ್ಚಿದರೆ ಕಜ್ಜಿ ಹೋಗುತ್ತದೆ, ಒಳಗಿನ ಯಾವ ಅಂಗಕ್ಕೂ ಕೇಡಾಗುವುದಿಲ್ಲ ಎಂಬುದು ರೋಗಿಗಳಲ್ಲಿ ಸ್ಪಷ್ಟವಾಯಿತು. ಕಜ್ಜಿಯ ಕುರಿತ ಅವನ ಲೇಖನ 1844ರಲ್ಲಿ ಪ್ರಕಟವಾಯಿತು.

ಇಸಬಿನ ವಿಷಯದಲ್ಲೂ ಅವನದು ಪ್ರಯೋಗದ ಹಾದಿಯೇ. ಜಾಪಾಳದ ಬೀಜದ ಎಣ್ಣೆ ನಮ್ಮಲ್ಲಿ ಉಗ್ರ ವಿರೇಚಕವೆಂದು ಹೆಸರಾದದ್ದು. ಅದನ್ನು ಚರ್ಮಕ್ಕೆ ತಿಕ್ಕಿದಾಗ ಮೊದಲು ಕೆಂಪು, ಆಮೇಲೆ ಗುಳ್ಳೆ, ನೀರುಗುಳ್ಳೆ, ಜಿನುಗು, ಹಕ್ಕಳೆ, ಹೊಟ್ಟು, ಹೀಗೆ ಇಸಬಿನ ಎಲ್ಲ ಹಂತಗಳೂ ಒಂದರ ಹಿಂದೊಂದು ಮೂಡಿದವು. ಬೇರೆಬೇರೆ ವರ್ಗಗಳಲ್ಲಿ ಹಂಚಿಹೋಗಿದ್ದದ್ದು ಒಂದೇ ಪ್ರಕ್ರಿಯೆಯ ಮಜಲುಗಳು! ರಕ್ತ ಕೆಡದೆಯೇ, ಹೊರಗಿನ ಕೆರಳಿಕೆಯೊಂದರಿಂದಲೇ ಇಸಬು ಹುಟ್ಟಬಲ್ಲದೆಂದೂ ಇದರಿಂದ ಗೊತ್ತಾಯಿತು. ಹಾಗಾದರೆ ಹೊರಗಿನಿಂದ ವಾಸಿಮಾಡುವುದಕ್ಕೆ ಹೆದರಿಕೆ ಏಕೆ? ಹೀಬ್ರಾ ಹಕ್ಕಳೆಯನ್ನು ಎಣ್ಣೆಯಿಂದ ನೆನೆಸಿ ತೆಗೆಸಿದ, ಮುಲಾಮು ಹಚ್ಚಿಸಿದ. ಮೊಣಕೈ, ಮಂಡಿ ಮಡಿಕೆಗಳ ಇಸಬನ್ನು ಗುರುತಿಸಿ ಬರೆದವನೂ ಅವನೇ. ಹೆರಿಗೆ ವಾರ್ಡಿನ ಸಾವುಗಳನ್ನು ಕೈತೊಳೆಯುವುದರಿಂದ ತಡೆಯಬಹುದೆಂದ ಸೆಮೆಲ್‌ವೈಸ್‌ನ ಶೋಧವನ್ನು 1847ರ ಡಿಸೆಂಬರಿನಲ್ಲಿ ಮೊದಲು ಅಚ್ಚುಹಾಕಿಸಿದ ಗೆಳೆಯ ಕೂಡ ಇದೇ ಹೀಬ್ರಾ.

ಆದರೆ ಹೀಬ್ರಾನ ಹೆಸರುವಾಸಿ ಮುಲಾಮಿನಲ್ಲಿ ಇದ್ದದ್ದು ಸೀಸದ ಆಕ್ಸೈಡ್ ಮತ್ತು ಆಲಿವ್ ಎಣ್ಣೆ.

ಕೂಸಿನ ಚರ್ಮದ ಲೆಕ್ಕ

ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಬಹುದು. ಮೂರು ಕಿಲೋಗ್ರಾಂ ತೂಗುವ ಕೂಸಿನ ಮೈಯ ಹೊರಮೈ ಸುಮಾರು 0.2 ಚದರ ಮೀಟರ್. ಅರವತ್ತು ಕಿಲೋಗ್ರಾಂ ತೂಗುವ ವಯಸ್ಕರದು ಸುಮಾರು 1.6 ಚದರ ಮೀಟರ್. ಒಂದೊಂದು ಕಿಲೋಗ್ರಾಂ ತೂಕಕ್ಕೆ ಎಷ್ಟು ಚರ್ಮ ಎಂದು ಭಾಗಿಸಿ ನೋಡಿ: ಕೂಸಿನದು ವಯಸ್ಕರಿಗಿಂತ ಸುಮಾರು ಎರಡೂವರೆ ಪಟ್ಟು. ಮೈತುಂಬ ಹಚ್ಚಿದ ಮುಲಾಮಿನಿಂದ ಹೀರಿಕೆಯಾಗುವ ವಸ್ತು ಅಷ್ಟು ಪಟ್ಟು ಹೆಚ್ಚು. ಅದೂ ಒಡೆದ ಚರ್ಮವಾದರೆ ಇನ್ನೂ ಹೆಚ್ಚು.

ಈ ಲೆಕ್ಕವನ್ನು ಮರೆತದ್ದರ ಬೆಲೆಯನ್ನು ಮಕ್ಕಳು ತೆತ್ತರು. ಸೀಸ ವಿಷವೆಂಬುದು ಎಲ್ಲರಿಗೂ ಗೊತ್ತಿದೆ. ಗಾಯ, ಉರಿಗಳಿಗೆ ಧಾರಾಳವಾಗಿ ಸಿಂಪಡಿಸುತ್ತಿದ್ದ ಬೋರಿಕ್ ಆಮ್ಲ ನಿರುಪದ್ರವಿಯೆಂದೇ ಬಹುಕಾಲ ಹೆಸರಾಗಿತ್ತು. ಒಡೆದ ಚರ್ಮದ ಮೂಲಕ ಅದು ಹೀರಿಕೆಯಾಗಿ ಕೂಸುಗಳು ಸತ್ತ ವರದಿಗಳು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಬರುತ್ತಿದ್ದವು. ಒಳಗಿನಿಂದಲೇ ಚಿಕಿತ್ಸೆಯಾಗಬೇಕೆಂದವರ ಕೈಯಲ್ಲಿದ್ದುದು ಆರ್ಸೆನಿಕ್ ಬೆರೆತ 'ಫೌಲರ್ ದ್ರಾವಣ'. 1786ರಿಂದ ಬಳಕೆಗೆ ಬಂದ ಅದನ್ನು ಇಸಬಿಗೆ ತಿಂಗಳುಗಟ್ಟಲೆ ಹನಿಹನಿಯಾಗಿ ಕುಡಿಸುತ್ತಿದ್ದರು. ದೀರ್ಘಕಾಲ ಆರ್ಸೆನಿಕ್ ಸೇವಿಸಿದವರ ಅಂಗೈಗಳಲ್ಲಿ ಗಂಟುಗಳೂ ಚರ್ಮದ ಕ್ಯಾನ್ಸರೂ ಬರುವುದನ್ನು ಲಂಡನ್ನಿನ ಜೊನಾಥನ್ ಹಚಿನ್‌ಸನ್ 1880ರ ದಶಕದಲ್ಲಿ ತೋರಿಸಿದ. ಎಕ್ಸ್-ಕಿರಣಗಳು ಬಂದ ಮೇಲೆ ಅವುಗಳನ್ನೂ ಇಸಬಿನ ಮಕ್ಕಳ ಮೇಲೆ ಹಾಯಿಸಿದರು. ತುರಿಕೆ ಕೆಲಕಾಲ ತಗ್ಗುತ್ತಿತ್ತು. ಮುಂದಿನದು ಹೇಳಬೇಕಿಲ್ಲ.

ಇಷ್ಟರ ನಡುವೆ ಸದ್ದಿಲ್ಲದೆ ಬಂದ ಎರಡು ಪದಾರ್ಥಗಳು ಇವಕ್ಕಿಂತ ಹೆಚ್ಚು ಕಾಲ ಬಾಳಿದವು. ಅಮೆರಿಕದ ಚೀಸ್‌ಬ್ರೋ 1872ರಲ್ಲಿ ಪೆಟ್ರೋಲಿಯಂ ಜೆಲ್ಲಿಗೆ, ಅಂದರೆ ವ್ಯಾಸಲೀನಿಗೆ, ಪೇಟೆಂಟ್ ಪಡೆದ. 1880ರ ದಶಕದಲ್ಲಿ ಕುರಿಯ ಉಣ್ಣೆಯ ಜಿಡ್ಡಿನಿಂದ ಲ್ಯಾನೊಲಿನ್ ಬಳಕೆಗೆ ಬಂತು. ಇವು ಕೆಡುವುದಿಲ್ಲ, ಹಂದಿಕೊಬ್ಬಿನ ಮುಲಾಮಿನಂತೆ ನಾರುವುದಿಲ್ಲ. ಆದರೆ ಇವನ್ನು ಯಾರೂ ಔಷಧವೆಂದು ಎಣಿಸಲಿಲ್ಲ. ಔಷಧವನ್ನು ಬೆರೆಸುವ ಆಧಾರವೆಂದಷ್ಟೇ ನೋಡಿದರು.

ಮತ್ತೆ ಒಳಕ್ಕೆ

ಹೀಬ್ರಾನ ವಾದದಲ್ಲಿ ಒಂದು ತೂತಿತ್ತು. ಜಾಪಾಳದೆಣ್ಣೆ ಹಚ್ಚಿದರೆ ಯಾರಿಗಾದರೂ ಇಸಬು ಬರುತ್ತದೆ, ಸರಿ. ಆದರೆ ಏನೂ ಹಚ್ಚದೆಯೇ ಕೆಲವು ಕೂಸುಗಳಿಗೆ ಮಾತ್ರ ಏಕೆ ಬರುತ್ತದೆ? ಅಪ್ಪನಿಗೆ ಅಸ್ತಮ ಇದ್ದರೆ ಮಗುವಿಗೆ ಇಸಬು ಏಕೆ? ಪ್ಯಾರಿಸಿನ ಅರ್ನೆಸ್ಟ್ ಬೆನಿಯೆ 1892ರಲ್ಲಿ ಈ ಗಂಟನ್ನು ಕೈಗೆತ್ತಿಕೊಂಡ. ಶೈಶವದ ಇಸಬು, ಅಸ್ತಮ, ಋತುವಿನ ನೆಗಡಿ ಇವು ಒಂದೇ ಮನೆತನದಲ್ಲಿ, ಎಷ್ಟೋ ಸಲ ಒಬ್ಬರಲ್ಲಿಯೇ ಕಾಣಿಸಿಕೊಳ್ಳುತ್ತವೆಂದು ತೋರಿಸಿದ. ಅಗಸ್ಟಸ್ ನೆನಪಾಗಬೇಕು.

ವಿವರಣೆ ಬೇರೆ ದಿಕ್ಕಿನಿಂದ ಬಂತು. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ 'ಅಲರ್ಜಿ' ಎಂಬ ಪದವನ್ನು ಟಂಕಿಸಿದ. 1921ರಲ್ಲಿ ಪ್ರಾಸ್ನಿಟ್ಸ್ ಮತ್ತು ಕುಸ್ಟ್‌ನರ್ ಎಂಬ ಇಬ್ಬರು ಒಂದು ಪ್ರಯೋಗ ಮಾಡಿದರು. ಕುಸ್ಟ್‌ನರ್‌ಗೆ ಮೀನು ಒಗ್ಗುತ್ತಿರಲಿಲ್ಲ. ಅವನ ರಕ್ತದ ಸೀರಮ್ಮನ್ನು ಪ್ರಾಸ್ನಿಟ್ಸ್ ತನ್ನ ಚರ್ಮಕ್ಕೆ ಚುಚ್ಚಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ದದ್ದು ಎದ್ದಿತು. ಒಗ್ಗದಿಕೆ ರಕ್ತದಲ್ಲಿದೆ, ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಹುದು! 1923ರಲ್ಲಿ ಅಮೆರಿಕದ ಕೋಕಾ ಮತ್ತು ಕುಕ್ ಈ ಮನೆತನದ ಒಲವಿಗೆ 'ಅಟೊಪಿ' ಎಂದು ಹೆಸರಿಟ್ಟರು. 1933ರಲ್ಲಿ ವೈಸ್ ಮತ್ತು ಸಲ್ಜ್‌ಬರ್ಗರ್ ನಮ್ಮ ಇಸಬನ್ನು 'ಅಟೊಪಿಕ್ ಡರ್ಮಟೈಟಿಸ್' ಎಂದು ಕರೆದರು. ಇಂದಿಗೂ ವೈದ್ಯರ ಚೀಟಿಯಲ್ಲಿ ಕಾಣುವ ಹೆಸರು ಅದೇ. ಆ ರಕ್ತದ ವಸ್ತು ಐಜಿ-ಇ ಎಂಬ ಪ್ರತಿಕಾಯ ಎಂಬುದನ್ನು 1960ರ ದಶಕದ ನಡುವೆ ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕ ದಂಪತಿಗಳೂ ಸ್ವೀಡನ್ನಿನ ಯೊಹಾನ್ಸನ್, ಬೆನಿಕ್ ಅವರೂ ಬೇರೆಬೇರೆಯಾಗಿ ಕಂಡುಕೊಂಡರು.

ಹೀಗೆ ಇಸಬು ಮತ್ತೆ ಒಳಗಿನ ರೋಗವಾಯಿತು. ಕೆಟ್ಟ ದ್ರವದ ಜಾಗಕ್ಕೆ ಅಲರ್ಜಿ ಬಂತು. ಮೊಟ್ಟೆ, ಹಾಲು, ಗೋಧಿ, ಮೀನು ಒಂದೊಂದಾಗಿ ಮಗುವಿನ ತಟ್ಟೆಯಿಂದ ಹೊರಟವು. ಇಸಬಿನ ಜೊತೆ ಆಹಾರದ ಅಲರ್ಜಿ ಇರುವ ಮಕ್ಕಳಿದ್ದಾರೆ, ವಿಶೇಷವಾಗಿ ಇಸಬು ತೀವ್ರವಾಗಿರುವ ಕೂಸುಗಳಲ್ಲಿ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಚರ್ಮಕ್ಕೆ ಚುಚ್ಚಿದಾಗ ದದ್ದು ಎದ್ದಿತೆಂದ ಮಾತ್ರಕ್ಕೆ ಆ ಆಹಾರವೇ ಇಸಬಿಗೆ ಕಾರಣವೆಂದಾಗದು. ಪಥ್ಯ ಮಾಡಿ ಮಾಡಿ ಮಗು ಸೊರಗುತ್ತಿತ್ತು, ಇಸಬು ಮಾತ್ರ ಇದ್ದಲ್ಲೇ ಇರುತ್ತಿತ್ತು. ನೆರೆಮನೆಯಾಕೆಯ ಸಲಹೆಗೂ ಇದಕ್ಕೂ ವ್ಯತ್ಯಾಸ ಕಡಿಮೆ.

ಒಂದು ಟ್ಯೂಬಿನ ಕಥೆ

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಹೆಂಚ್ ಮತ್ತು ಸಂಗಡಿಗರು ಕೀಲುವಾತದ ರೋಗಿಗೆ ಕಾರ್ಟಿಸೋನ್ ಚುಚ್ಚಿದಾಗ ಹಾಸಿಗೆ ಹಿಡಿದವರು ಎದ್ದು ನಡೆದರು. 1950ರಲ್ಲಿ ನೊಬೆಲ್ ಬಂತು. ಚರ್ಮವೈದ್ಯರು ಅದನ್ನು ಮುಲಾಮು ಮಾಡಿ ಹಚ್ಚಿ ನೋಡಿದರೆ ಫಲ ಶೂನ್ಯ! ಕಾರ್ಟಿಸೋನ್ ತನ್ನಷ್ಟಕ್ಕೆ ಕೆಲಸ ಮಾಡುವ ಅಣುವಲ್ಲ. ದೇಹದೊಳಗೆ, ಮುಖ್ಯವಾಗಿ ಯಕೃತ್ತಿನಲ್ಲಿ, ಅದು ಹೈಡ್ರೊಕಾರ್ಟಿಸೋನ್ ಆಗಿ ಬದಲಾಗಬೇಕು. 1952ರಲ್ಲಿ ಅದೇ ಸಲ್ಜ್‌ಬರ್ಗರ್, ವಿಟ್ಟನ್ ಎಂಬುವವರ ಜೊತೆಗೂಡಿ ನೇರವಾಗಿ ಹೈಡ್ರೊಕಾರ್ಟಿಸೋನ್ ಮುಲಾಮನ್ನೇ ಹಚ್ಚಿದಾಗ ಇಸಬು ಕಣ್ಣೆದುರೇ ಇಳಿಯಿತು. ಸೀಸ, ಟಾರು, ಆರ್ಸೆನಿಕ್‌ಗಳ ನಂತರ ಇದು ಎಂಥ ಬಿಡುಗಡೆಯೆಂದು ಊಹಿಸಬಹುದು.

ಮುಂದಿನ ಹೆಜ್ಜೆ ಒಂದು ಸರಳ ಪರೀಕ್ಷೆಯಿಂದ ಬಂತು. ಸ್ಟೀರಾಯ್ಡು ರಕ್ತನಾಳಗಳನ್ನು ಸಂಕುಚಿಸುವುದರಿಂದ ಹಚ್ಚಿದ ಜಾಗ ಬಿಳಿಚಿಕೊಳ್ಳುತ್ತದೆ. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಇದನ್ನೇ ಅಳತೆಗೋಲಾಗಿ ಬಳಸಿದರು. ಮುಂಗೈಗೆ ಹನಿ ಹಚ್ಚಿ, ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ಎಷ್ಟು ಬಿಳಿಚಿದೆ ನೋಡಿದರೆ ಸಾಕು. ರಸಾಯನಜ್ಞರು ಅಣುವಿಗೆ ಫ್ಲೋರಿನ್ ಜೋಡಿಸಿ, ಎಸ್ಟರ್ ಜೋಡಿಸಿ ಒಂದಕ್ಕಿಂತ ಒಂದು ಬಲವಾದ ಮುಲಾಮುಗಳನ್ನು ತಂದರು. 1960ರ ದಶಕದಲ್ಲಿ ಬೀಟಾಮೆಥಸೋನ್ ವ್ಯಾಲರೇಟ್, 1970ರ ದಶಕದಲ್ಲಿ ಕ್ಲೊಬೆಟಸೋಲ್. ಈ ಅಳತೆಯಲ್ಲಿ ಕ್ಲೊಬೆಟಸೋಲ್ ಹೈಡ್ರೊಕಾರ್ಟಿಸೋನಿಗಿಂತ ನೂರಾರು ಪಟ್ಟು ಪ್ರಬಲ.

ಮತ್ತೆ ಕೂಸಿನ ಚರ್ಮದ ಲೆಕ್ಕ ಎದುರಾಯಿತು. ಪ್ರಬಲ ಸ್ಟೀರಾಯ್ಡನ್ನು ಮೈತುಂಬ, ತಿಂಗಳುಗಟ್ಟಲೆ ಹಚ್ಚಿದ ಮಕ್ಕಳಲ್ಲಿ ಚರ್ಮ ತೆಳುವಾಯಿತು, ಮುಖ ಊದಿತು, ಬೆಳವಣಿಗೆ ಕುಂಠಿತವಾಯಿತು. ಸುದ್ದಿ ಹರಡಿದ ಮೇಲೆ ಲೋಲಕ ಇನ್ನೊಂದು ತುದಿಗೆ ಹೋಯಿತು. ಈಗ ಎಷ್ಟೋ ತಾಯ್ತಂದೆಯರು ವೈದ್ಯರು ಬರೆದ ದುರ್ಬಲ ಮುಲಾಮನ್ನೂ ಹೆದರಿ ಸಾಸಿವೆಯಷ್ಟು ಹಚ್ಚುತ್ತಾರೆ. ಇಸಬು ಇಳಿಯುವುದಿಲ್ಲ, ಔಷಧ ಕೆಲಸ ಮಾಡಲಿಲ್ಲವೆಂದು ಬಿಡುತ್ತಾರೆ.

ಎಷ್ಟು ಹಚ್ಚಬೇಕೆಂಬ ಪ್ರಶ್ನೆಗೆ ಉತ್ತರ ಬಂದದ್ದು 1991ರಲ್ಲಿ ಎಂಬುದು ಆಶ್ಚರ್ಯವೇ. ಬ್ರಿಟನ್ನಿನ ಲಾಂಗ್ ಮತ್ತು ಫಿನ್ಲೆ 'ಬೆರಳತುದಿ ಅಳತೆ'ಯನ್ನು ಸೂಚಿಸಿದರು. ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಮಡಿಕೆಯವರೆಗೆ ಟ್ಯೂಬಿನಿಂದ ಹಿಂಡಿದ ಎಳೆ ಸುಮಾರು ಅರ್ಧ ಗ್ರಾಂ ತೂಗುತ್ತದೆ. ಬೆರಳುಗಳೂ ಸೇರಿ ವಯಸ್ಕರ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ತಕ್ಕಡಿ ಬೇಡ, ಚಮಚ ಬೇಡ.

ಇಟ್ಟಿಗೆ ಗೋಡೆಯ ಬಿರುಕು

ಈ ನಡುವೆ ಚರ್ಮದ ಅತಿ ಹೊರಪದರವನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಸೂಕ್ಷ್ಮದರ್ಶಕದ ಗಾಜಿನ ಮೇಲೆ ಅದು ಹರುಕು ಬುಟ್ಟಿಯ ಹೆಣಿಗೆಯಂತೆ ಕಾಣುತ್ತಿತ್ತು. ಉದುರಿ ಹೋಗುವ ಸತ್ತ ಕೋಶಗಳು ಎಂದುಕೊಂಡಿದ್ದರು. 1960ರ ದಶಕದಲ್ಲಿ ಅಮೆರಿಕದ ಕ್ಲಿಗ್‌ಮನ್ ಅದು ತೆಳುವಾದರೂ ಗಟ್ಟಿಯಾದ ಹಾಳೆಯೆಂದು ತೋರಿಸಿದ. ಬುಟ್ಟಿಯ ಹೆಣಿಗೆ ಕಂಡದ್ದು ಸ್ಲೈಡ್ ತಯಾರಿಸುವಾಗ ಬಳಸಿದ ದ್ರಾವಕಗಳು ಜಿಡ್ಡನ್ನು ತೊಳೆದು ತೆಗೆದದ್ದರಿಂದ! ಪೀಟರ್ ಎಲಿಯಾಸ್ 1980ರ ದಶಕದಲ್ಲಿ ಕೊಟ್ಟ ಚಿತ್ರ ಇನ್ನೂ ಸ್ಪಷ್ಟ: ಸತ್ತ ಕೋಶಗಳು ಇಟ್ಟಿಗೆಗಳು, ನಡುವಿನ ಕೊಬ್ಬು ಗಾರೆ. ಮೈಯ ನೀರು ಹೊರಹೋಗದಂತೆ, ಹೊರಗಿನದು ಒಳಬಾರದಂತೆ ತಡೆಯುವುದು ಈ ಗೋಡೆ.

ಗೋಡೆಯಲ್ಲಿ ಬಿರುಕು ಹುಟ್ಟಿನಿಂದಲೇ ಇರಬಹುದೆ? 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್, ಡಬ್ಲಿನ್ನಿನ ಅಲನ್ ಇರ್ವಿನ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಅವರು ಮೊದಲು ಹುಡುಕುತ್ತಿದ್ದುದು ಮೀನಿನ ಪೊರೆಯಂತೆ ಚರ್ಮ ಒಣಗುವ ಇನ್ನೊಂದು ವಂಶವಾಹಿ ರೋಗದ ಮೂಲವನ್ನು. ಸಿಕ್ಕಿದ್ದು ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ಉತ್ಪರಿವರ್ತನೆಗಳು. ಒಂದೇ ಪಾಠ ಹತ್ತು ಹನ್ನೆರಡು ಸಲ ಮರುಕಳಿಸುವ ಉದ್ದನೆಯ ಜೀನ್ ಅದು. ಓದುವುದು ಕಷ್ಟವಾದ್ದರಿಂದ ಅದುವರೆಗೆ ಕೈಗೆ ಸಿಕ್ಕಿರಲಿಲ್ಲ. ಫಿಲಾಗ್ರಿನ್ ಹೊರಚರ್ಮದ ಕೋಶಗಳ ಒಳನೂಲುಗಳನ್ನು ಹೊಸೆದು ಚಪ್ಪಟೆ ಮಾಡುತ್ತದೆ. ಆಮೇಲೆ ತಾನೇ ಒಡೆದು ನೀರನ್ನು ಹಿಡಿದಿಡುವ ಸಣ್ಣ ಅಣುಗಳಾಗುತ್ತದೆ. ಯೂರೋಪ್ ಮೂಲದವರಲ್ಲಿ ಸುಮಾರು ನೂರಕ್ಕೆ ಒಂಬತ್ತು ಮಂದಿ ಆಗ ಗುರುತಿಸಿದ ಎರಡು ಉತ್ಪರಿವರ್ತನೆಗಳಲ್ಲಿ ಒಂದನ್ನಾದರೂ ಹೊತ್ತಿದ್ದಾರೆ, ಅವರಲ್ಲಿ ಇಸಬಿನ ಸಂಭವ ಗಣನೀಯವಾಗಿ ಹೆಚ್ಚು. ಇಸಬಿರುವ ಎಲ್ಲರಲ್ಲೂ ಈ ದೋಷವಿಲ್ಲ, ದೋಷವಿರುವ ಎಲ್ಲರಿಗೂ ಇಸಬಿಲ್ಲ. ಆದರೂ ಹೀಬ್ರಾ ಕೇಳಿದ್ದರೆ ಹಿಗ್ಗುತ್ತಿದ್ದ.

ಇನ್ನೊಂದು ತಿರುವು ಕಡಲೆಕಾಯಿಯದು. ಕಡಲೆಕಾಯಿ ಎಣ್ಣೆ ಬೆರೆತ ಕ್ರೀಮುಗಳನ್ನು ಕೂಸಿನ ಇಸಬಿಗೆ ಹಚ್ಚಿದ್ದಕ್ಕೂ ಮುಂದೆ ಆ ಮಗುವಿಗೆ ಕಡಲೆಕಾಯಿ ಅಲರ್ಜಿ ಬರುವುದಕ್ಕೂ ನಂಟಿದೆಯೆಂದು ಬ್ರಿಟನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದರು. ಆಗ ಅವರಿಗೆ ಹೊಳೆದದ್ದು ಇದು: ಆಹಾರ ಬಾಯಿಯ ಮೂಲಕ ಹೋದರೆ ದೇಹ ಅದನ್ನು ಒಗ್ಗಿಸಿಕೊಳ್ಳುತ್ತದೆ, ಒಡೆದ ಚರ್ಮದ ಮೂಲಕ ನುಸುಳಿದರೆ ಶತ್ರುವೆಂದು ಬಗೆಯುತ್ತದೆ. ಹಾಗಾದರೆ ಅಲರ್ಜಿಯಿಂದ ಇಸಬು ಎನ್ನುವುದಕ್ಕಿಂತ ಇಸಬಿನಿಂದ ಅಲರ್ಜಿ ಎನ್ನಬೇಕಾಗುತ್ತದೆ! ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 4ರಿಂದ 11 ತಿಂಗಳ 640 ಕೂಸುಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಪ್ರಾರಂಭದ ಚರ್ಮ ಪರೀಕ್ಷೆಯಲ್ಲಿ ಕಡಲೆಕಾಯಿಗೆ ದದ್ದು ಏಳದಿದ್ದ ಮಕ್ಕಳ ಪೈಕಿ, ಅದನ್ನು ದೂರವಿಟ್ಟ ಗುಂಪಿನ ಶೇ. 13.7ರಷ್ಟು ಮಕ್ಕಳಿಗೆ ಐದನೆಯ ವಯಸ್ಸಿನಲ್ಲಿ ಅಲರ್ಜಿ ಇತ್ತು. ಮೊದಲಿನಿಂದ ತಿನ್ನಿಸಿದ ಗುಂಪಿನಲ್ಲಿ ಶೇ. 1.9 ಮಾತ್ರ. ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಕೊಟ್ಟು 2008ರಲ್ಲಿ ಹಿಂತೆಗೆದುಕೊಂಡಿದ್ದ ಸಲಹೆ ಪೂರ್ತಿ ತಲೆಕೆಳಗಾಯಿತು. (ಇದನ್ನು ಓದಿ ಯಾರೂ ಕೂಸಿಗೆ ಇಡೀ ಕಡಲೆಬೀಜ ಕೊಡಬಾರದು, ಗಂಟಲಲ್ಲಿ ಸಿಕ್ಕೀತು. ಇಸಬು ತೀವ್ರವಿರುವ ಮಗುವಿಗೆ ವೈದ್ಯರನ್ನು ಕೇಳಿಯೇ ಪ್ರಾರಂಭಿಸಬೇಕು.)

ಬಿರುಕೇ ಮೂಲವಾದರೆ, ಹುಟ್ಟಿದ ದಿನದಿಂದ ಜಿಡ್ಡು ಹಚ್ಚುತ್ತಾ ಬಂದರೆ ಇಸಬು ಬರುವುದೇ ಇಲ್ಲವೆ? ಚೆಂದದ ತರ್ಕ. ಬ್ರಿಟನ್ನಿನಲ್ಲಿ 1394 ಕೂಸುಗಳ ಮೇಲೆ ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶ: ಎರಡು ವರ್ಷದ ಹೊತ್ತಿಗೆ ಹಚ್ಚಿದವರಲ್ಲಿ ಶೇ. 23, ಹಚ್ಚದವರಲ್ಲಿ ಶೇ. 25 ಮಕ್ಕಳಿಗೆ ಇಸಬು. ವ್ಯತ್ಯಾಸವಿಲ್ಲವೆಂದೇ ಅರ್ಥ. ಹೊರಗಿನ ವಾದವೂ ಪೂರ್ತಿ ಗೆಲ್ಲಲಿಲ್ಲ. ಗೋಡೆಯ ಬಿರುಕು ಒಳಗಿನ ಉರಿಯೂತವನ್ನು ಕೆರಳಿಸುತ್ತದೆ, ಉರಿಯೂತ ಗೋಡೆಯನ್ನು ಇನ್ನಷ್ಟು ಒಡೆಯುತ್ತದೆ, ತುರಿಕೆ ಎರಡನ್ನೂ ಹೆಚ್ಚಿಸುತ್ತದೆ.

ಇಂದಿನ ಚಿಕಿತ್ಸೆ

ಇಸಬು ಬಂದ ಮೇಲೆ ಮಾತ್ರ ಜಿಡ್ಡೇ ಚಿಕಿತ್ಸೆಯ ತಳಹದಿ. ಉಗುರುಬೆಚ್ಚಗಿನ ನೀರಿನಲ್ಲಿ ಚುಟುಕಾದ ಸ್ನಾನ, ಉಜ್ಜದೆ ಒತ್ತಿ ಒರೆಸುವುದು, ಮೈ ಇನ್ನೂ ಪಸೆಯಿರುವಾಗಲೇ ಧಾರಾಳವಾಗಿ ಜಿಡ್ಡು. ಕಡಲೆಹಿಟ್ಟಿನಿಂದ ತಿಕ್ಕುವುದಾಗಲಿ ಸುವಾಸನೆಯ ಸೋಪಾಗಲಿ ಈ ಮಗುವಿಗಲ್ಲ. ಕೆರಳಿದ ದಿನಗಳಲ್ಲಿ ಮಗುವಿನ ವಯಸ್ಸಿಗೂ ಜಾಗಕ್ಕೂ ತಕ್ಕ ಬಲದ ಸ್ಟೀರಾಯ್ಡನ್ನು, ವೈದ್ಯರು ಹೇಳಿದಷ್ಟು ದಿನ, ಬೆರಳತುದಿ ಅಳತೆಯಲ್ಲಿ ಹಚ್ಚಬೇಕು. ಹಳದಿ ಹಕ್ಕಳೆ, ಕೀವು, ಜ್ವರ, ದಿಢೀರನೆ ಏಳುವ ನೋಯುವ ನೀರುಗುಳ್ಳೆ ಕಂಡರೆ ಕಾಯಬಾರದು. ಕಪೋಸಿ ಕಂಡದ್ದು ಇದನ್ನೇ. ಮುಖದಂಥ ಎಳೆಯ ಜಾಗಗಳಿಗೆ, ಎರಡು ವರ್ಷ ಮೀರಿದ ಮಕ್ಕಳಲ್ಲಿ, ಟ್ಯಾಕ್ರೊಲಿಮಸ್ ಮುಲಾಮನ್ನು ಬರೆಯುವುದುಂಟು. ಜಪಾನಿನ ಸುಕುಬಾದ ಮಣ್ಣಿನ ಬ್ಯಾಕ್ಟೀರಿಯದಿಂದ 1984ರಲ್ಲಿ ಸಿಕ್ಕ ವಸ್ತು ಅದು. ಯಾವುದಕ್ಕೂ ಬಗ್ಗದ ಇಸಬಿಗೆ ಡುಪಿಲುಮ್ಯಾಬ್ ಎಂಬ ಪ್ರತಿಕಾಯದ ಚುಚ್ಚುಮದ್ದು 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, 2022ರಲ್ಲಿ ಆರು ತಿಂಗಳ ಕೂಸಿನವರೆಗೂ. ಬಹುಪಾಲು ಮಕ್ಕಳಿಗೆ ಅಲ್ಲಿಯವರೆಗೆ ಹೋಗಬೇಕಾಗುವುದಿಲ್ಲ.

ಅಂಗಡಿಯಾತನ ಟ್ಯೂಬಿನ ವಿಷಯ ಉಳಿಯಿತು. ಅದರಲ್ಲಿ ಸಾಮಾನ್ಯವಾಗಿ ಪ್ರಬಲ ಸ್ಟೀರಾಯ್ಡು, ಶಿಲೀಂಧ್ರನಾಶಕ, ಬ್ಯಾಕ್ಟೀರಿಯನಾಶಕ ಮೂರೂ ಬೆರೆತಿರುತ್ತವೆ. ತುರಿಕೆ ಯಾವುದರಿಂದಲೇ ಇರಲಿ, ಎರಡು ದಿನ ಅಡಗಿಸುತ್ತದೆ. ಹುಳಕಡ್ಡಿಗೆ ಇದನ್ನು ಹಚ್ಚಿದರೆ ಒಳಗೊಳಗೇ ಹರಡುತ್ತದೆ. ಮುಖಕ್ಕೆ ಹಚ್ಚಿದರೆ ಚರ್ಮ ಸೊರಗುತ್ತದೆ. ಚರ್ಮವೈದ್ಯರ ಒತ್ತಾಯದ ನಂತರ ಭಾರತ ಸರ್ಕಾರ 2018ರಲ್ಲಿ ಹದಿನಾಲ್ಕು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅಂಗಡಿಯ ಕಟ್ಟೆಯ ಮೇಲೆ ಅದು ಎಷ್ಟು ಪಾಲನೆಯಾಗುತ್ತಿದೆ ಎಂಬುದನ್ನು ಓದುಗರೇ ನೋಡಿ ಬಲ್ಲರು.

ಶಿಕ್ಷಕರಿಗೆ ಈ ಮಕ್ಕಳು ಒಂದನೆಯ ತರಗತಿಗೆ ಬರುವ ಹೊತ್ತಿಗೆ ಎದುರಾಗುತ್ತಾರೆ. ಆಗ ಕೆನ್ನೆ ತಿಳಿಯಾಗಿರುತ್ತದೆ, ಮೊಣಕೈ ಮಡಿಕೆ ಕಪ್ಪಾಗಿ ದಪ್ಪಗಿರುತ್ತದೆ. ಪಕ್ಕದ ಮಗುವಿನ ಮನೆಯವರು ಬಂದು ಬೆಂಚು ಬದಲಿಸಿ ಎನ್ನುತ್ತಾರೆ. ಬದಲಿಸಬೇಕಿಲ್ಲ, ಅಂಟುವುದಿಲ್ಲ. ಪಾಠದ ನಡುವೆ ಕೆರೆದುಕೊಳ್ಳುವ ಮಗುವನ್ನು "ಕೈ ತೆಗಿ" ಎಂದು ಗದರಿಸಿದರೆ ತುರಿಕೆ ನಿಲ್ಲುವುದೂ ಇಲ್ಲ. ರಾತ್ರಿ ನಿದ್ದೆಗೆಟ್ಟ ಮಗು ಅದು, ಮಧ್ಯಾಹ್ನದ ತೂಕಡಿಕೆಯೂ ಅದರಿಂದಲೇ. ಬೆವರು, ಉಣ್ಣೆಯ ಸ್ವೆಟರು, ಬಿಗಿಯಾದ ಕಾಲರು ತುರಿಕೆಯನ್ನು ಹೆಚ್ಚಿಸುತ್ತವೆ. ಆಟದ ಅವಧಿ ಮುಗಿದ ಮೇಲೆ ಮುಖ, ಕೈ ತೊಳೆದು ಬರಲು ಐದು ನಿಮಿಷ, ಫ್ಯಾನಿಗೆ ಹತ್ತಿರದ ಒಂದು ಜಾಗ, ಚೀಲದಲ್ಲಿ ವ್ಯಾಸಲೀನಿನ ಒಂದು ಪುಟ್ಟ ಡಬ್ಬಿ ಇಟ್ಟುಕೊಳ್ಳಲು ಅನುಮತಿ ಸಿಕ್ಕರೆ ಆ ಮಗು ಉಳಿದವರ ಜೊತೆ ಕುಳಿತು ಪಾಠ ಕೇಳುತ್ತದೆ.